ನಡೆಯುತ್ತಿರುವ ಟೋಕಮಾಕನ್ನು ದುರಸ್ತಿಗೆಂದು ನಿಲ್ಲಿಸಬೇಕೇ?

ಸಾಗರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುವ ನಾನು ಈ ವರ್ಷ ಅವರ ಚರ್ಚೆಗೆ ಕೊಟ್ಟ ಪ್ರಶ್ನೆ ಇದು: ಬೈಜಿಕ ಸಮ್ಮಿಲನದ, ಅಂದರೆ ಹಗುರ ಪರಮಾಣುಗಳ ಬೀಜಗಳನ್ನು ಬೆಸೆಯುವ ಕ್ರಿಯೆಯ, ಸಂಶೋಧನೆಗಾಗಿ ಕಟ್ಟಿದ ಟೋಕಮಾಕ್ (ಪ್ಲಾಸ್ಮಾ ಎಂಬ ಅತಿ ಬಿಸಿಯಾದ ಅನಿಲವನ್ನು ಉಂಗುರದಾಕಾರದ ನಿರ್ವಾತ ಪಾತ್ರೆಯಲ್ಲಿ ಕಾಂತಬಲದಿಂದ ಹಿಡಿದಿಡುವ ಯಂತ್ರ) ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿರುವಾಗಲೂ, ನಿಗದಿತ ಅವಧಿಗೊಮ್ಮೆ ಪ್ರಯೋಗ ನಿಲ್ಲಿಸಿ ಅದನ್ನು ತೆರೆದು ಪರೀಕ್ಷಿಸಬೇಕೇ? ಅವರ ಮುಂದಿಡುವ ಮೊದಲು ಎರಡೂ ಪಕ್ಷಗಳನ್ನು ನಾನೇ ಬರೆದು ನೋಡಿದೆ.

ಪರ

ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಸುಲಿಯುವ ಯಂತ್ರ ರಾತ್ರಿಯೆಲ್ಲ ಓಡುತ್ತದೆ. ಬೆಲ್ಟು ಸವೆದದ್ದು ಕಣ್ಣಿಗೆ ಕಂಡರೂ, ಗೊನೆಗಳು ಅಂಗಳದಲ್ಲಿ ರಾಶಿ ಬಿದ್ದಿರುವಾಗ ಯಂತ್ರ ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಕಳೆದ ವರ್ಷ ನಮ್ಮ ಮನೆಯಲ್ಲೂ ಹಾಗೆಯೇ ಓಡಿಸಿದೆವು. ಬೆಲ್ಟು ಹರಿದ ದಿನ ಆ ಅಳತೆಯದು ಪೇಟೆಯಲ್ಲಿ ಸಿಗಲಿಲ್ಲ, ಎರಡು ದಿನ ಕಾಯುವಷ್ಟರಲ್ಲಿ ಹಸಿ ಅಡಿಕೆ ಬಾಡಿ ಬೇಯಿಸಿದಾಗ ಬಣ್ಣ ಬರಲಿಲ್ಲ.

ನಮ್ಮ ನಷ್ಟ ಎರಡು ದಿನದ್ದು, ಟೋಕಮಾಕಿನ ನಷ್ಟ ವರ್ಷಗಳದ್ದು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಮೇಲ್ದರ್ಜೆಗೇರಿಸಿದ ಎನ್‌ಎಸ್‌ಟಿಎಕ್ಸ್-ಯು ಯಂತ್ರ 2016ರಲ್ಲಿ ಸುಮಾರು ಹತ್ತು ವಾರ ಪ್ರಯೋಗ ನಡೆಸುವಷ್ಟರಲ್ಲಿ ಒಂದು ಕಾಂತ ಸುರುಳಿ ಕೆಟ್ಟು ನಿಂತುಹೋಯಿತು. ದುರಸ್ತಿ ಹಲವು ವರ್ಷ ಎಳೆಯಿತು. ಸುರುಳಿಗಳು ಒಂದರೊಳಗೊಂದು ಹೆಣೆದುಕೊಂಡಿರುವ ಇಂಥ ಯಂತ್ರದಲ್ಲಿ ಒಳಗಿನದೊಂದನ್ನು ಮುಟ್ಟಲು ಹೊರಗಿನದನ್ನೆಲ್ಲ ಬಿಚ್ಚಬೇಕಾಗುತ್ತದೆ.

ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರಬಹುದು. ಆದರೆ ಪ್ಲಾಸ್ಮಾ ಹಿಡಿತ ತಪ್ಪಿ ಕುಸಿದಾಗಲೆಲ್ಲ, ಅದರಲ್ಲಿ ಹರಿಯುತ್ತಿದ್ದ ಭಾರಿ ವಿದ್ಯುತ್ ಪ್ರವಾಹ ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಇಲ್ಲವಾಗಿ, ಒಳಗೋಡೆಯ ಬಿಲ್ಲೆಗಳಿಗೆ ಉರಿಯ ಪೆಟ್ಟನ್ನೂ ಲೋಹದ ಚೌಕಟ್ಟಿಗೆ ಬಲವಾದ ಜಗ್ಗಾಟವನ್ನೂ ಕೊಡುತ್ತದೆ. ಬಿಲ್ಲೆಯೊಂದರ ಅಂಚು ಕರಗಿದ್ದು ಎಷ್ಟೋ ಸಲ ತೆರೆದು ನೋಡಿದಾಗಲೇ ಖಚಿತವಾಗುವುದು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ, ಭಾರತವೂ ಪಾಲುದಾರನಾಗಿರುವ ಇಟರ್ ಯಂತ್ರದಲ್ಲಿ ಉಷ್ಣಕವಚದ ತಂಪು ಕೊಳವೆಗಳು ಕ್ಲೋರೈಡಿನ ಅಂಶದಿಂದ ತುಕ್ಕು ಹಿಡಿದು ಬಿರುಕು ಬಿಟ್ಟದ್ದು ಜೋಡಣೆಯ ಹಂತದಲ್ಲಿಯೇ ಕಂಡುಬಂತು. ಅಲ್ಲಿನವರು ಕೆಲಸ ನಿಲ್ಲಿಸಿ, ಗುಂಡಿಗೆ ಇಳಿಸಿದ್ದ ದೈತ್ಯ ಭಾಗವನ್ನು 2023ರಲ್ಲಿ ಮೇಲೆತ್ತಿದರು. ಅಷ್ಟು ಸಮಯ ಹೋಯಿತೆಂದು ಕೊರಗುವವರು ಅದೇ ಬಿರುಕು ಯಂತ್ರ ಪೂರ್ತಿಯಾದ ಮೇಲೆ ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಲಿ.

ವಿರೋಧ

ಮಲೆನಾಡಿನವರಿಗೆ ತೇವದ ಸ್ವಭಾವವನ್ನು ವಿವರಿಸಬೇಕಿಲ್ಲ. ಆಷಾಢದಲ್ಲಿ ಹಪ್ಪಳದ ಡಬ್ಬಿಯ ಮುಚ್ಚಳವನ್ನು ಒಂದು ಗಳಿಗೆ ಮರೆತರೂ ಸಾಕು. ನಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಗಳ ಕಪಾಟಿನೊಳಗೆ ಮಳೆಗಾಲವಿಡೀ ಒಂದು ಬಲ್ಬು ಉರಿಯುತ್ತಿರುತ್ತದೆ. ಅದು ಆರಿದ ವಾರ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆ. ಟೋಕಮಾಕನ್ನು ತೆರೆಯುವುದೆಂದರೆ ಆ ಬಲ್ಬನ್ನು ಆರಿಸಿದಂತೆ. ಒಳಗೆ ಗಾಳಿ ಹೊಕ್ಕ ಕ್ಷಣ ನೀರಿನ ಅಣುಗಳು ಗೋಡೆಗೆಲ್ಲ ಅಂಟಿಕೊಳ್ಳುತ್ತವೆ, ಪಂಪು ಎಷ್ಟು ಎಳೆದರೂ ಬೇಗ ಬಿಡುವುದಿಲ್ಲ. ವಾತಾವರಣದ ಒತ್ತಡದ ಸಾವಿರ ಕೋಟಿಯಲ್ಲೊಂದು ಪಾಲಿಗೂ ಕೆಳಗಿನ ನಿರ್ವಾತವನ್ನು ಮರಳಿ ಪಡೆಯಲು ಪಾತ್ರೆಯನ್ನು ದಿನಗಟ್ಟಲೆ ಕಾಯಿಸಬೇಕು, ಮಂದ ವಿದ್ಯುತ್ ವಿಸರ್ಜನೆಯಿಂದ ಗೋಡೆ ತೊಳೆಯಬೇಕು. ಬಿಚ್ಚಿದ ಕೀಲುಗಳಿಗೆ ಹೊಸ ತಾಮ್ರದ ಬಳೆ ಕೂರಿಸಿ, ಸಣ್ಣ ನಳಿಕೆಯಿಂದ ಹೊರಗೆ ಹೀಲಿಯಂ ಊದುತ್ತ, ಒಳಗಿನ ಪತ್ತೆಯಂತ್ರದ ಅಂಕಿ ಏರುತ್ತದೆಯೇ ಎಂದು ಕೀಲು ಕೀಲನ್ನೂ ನೋಡುತ್ತ ಹೋಗಬೇಕು. ಸೋರದಿದ್ದ ಯಂತ್ರಕ್ಕೆ ಸೋರುವ ಅವಕಾಶವನ್ನು ನಾವೇ ಕೊಟ್ಟಂತಾಯಿತು.

ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿರುವ ಎಸ್‌ಎಸ್‌ಟಿ-1ರಂಥ ಯಂತ್ರಕ್ಕೆ ಇದು ಇನ್ನೂ ದುಬಾರಿ. ಅದರ ಅತಿವಾಹಕ (ಅತಿ ತಂಪಿನಲ್ಲಿ ವಿದ್ಯುತ್ತಿಗೆ ರೋಧವನ್ನೇ ಒಡ್ಡದ) ಕಾಂತಗಳನ್ನು ಹೀಲಿಯಂನಿಂದ ಸುಮಾರು ಮೈನಸ್ 269 ಡಿಗ್ರಿಗೆ ತಂಪಾಗಿಸಬೇಕು. ತೆರೆಯಬೇಕಾದರೆ ಅಷ್ಟನ್ನೂ ಮೆಲ್ಲಗೆ ಬಿಸಿಯಾಗಿಸಿ, ಮತ್ತೆ ಮೆಲ್ಲಗೆ ಇಳಿಸಬೇಕು. ಪ್ರತಿ ಸಲವೂ ಬೇರೆ ಬೇರೆ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಹಿಗ್ಗಿ ಬೆಸುಗೆಗಳನ್ನು ಎಳೆಯುತ್ತವೆ. ಅದೇ ಸಂಸ್ಥೆಯಲ್ಲಿ 1989ರಿಂದ ನಡೆದುಬಂದ, 2016ರಲ್ಲಿ ಹೊಸ ರೂಪ ಪಡೆದ ಆದಿತ್ಯದ್ದು ತಾಮ್ರದ ಸುರುಳಿಗಳಾದ್ದರಿಂದ ಅದಕ್ಕೆ ಈ ಕಷ್ಟವಿಲ್ಲ. ಎರಡಕ್ಕೂ ಒಂದೇ ಪಂಚಾಂಗ ಹಾಕುವುದು ನನಗಂತೂ ಸರಿಕಾಣದು.

ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಘಟಕಗಳಿವೆ. ಒಂದನ್ನು ಬಿಚ್ಚಿ ಹರಡಿದರೂ ಒಂಬತ್ತು ತಿರುಗುತ್ತಿರುತ್ತವೆ. ಒಂದು ತಂಡದ ಕೈಯಲ್ಲಿ ಟೋಕಮಾಕ್ ಇರುವುದು ಸಾಮಾನ್ಯವಾಗಿ ಒಂದೇ. ಅದು ನಿಂತರೆ ಅದನ್ನೇ ನಂಬಿದ ಸಂಶೋಧನಾ ವಿದ್ಯಾರ್ಥಿಗಳ ಕೆಲಸವೆಲ್ಲ ನಿಲ್ಲುತ್ತದೆ.

ಕಣ್ಣು ಮುಚ್ಚಿ ಓಡಿಸಬೇಕೆಂದು ಇದರರ್ಥವಲ್ಲ. ತೆರೆಯದೆಯೂ ಯಂತ್ರ ಬಹಳಷ್ಟನ್ನು ಹೇಳುತ್ತದೆ. ಪಾತ್ರೆಯಲ್ಲಿ ಉಳಿದ ಅನಿಲಗಳನ್ನು ತೂಕದ ಪ್ರಕಾರ ಬಿಡಿಸಿ ತೋರಿಸುವ ಉಪಕರಣದಲ್ಲಿ 28 (ಸಾರಜನಕ) ಮತ್ತು 32ರ (ಆಮ್ಲಜನಕ) ಗೆರೆಗಳು ಜೊತೆಗೇ ಎದ್ದರೆ ಹೊರಗಿನ ಗಾಳಿ ನುಸುಳುತ್ತಿದೆ ಎಂದರ್ಥ. ನೀರಿನ ಗೆರೆಯಾದ 18ರದ್ದು ಮಾತ್ರ ಏರುತ್ತಿದ್ದರೆ ತಂಪು ನೀರಿನ ಕೊಳವೆಯ ಮೇಲೆ ಅನುಮಾನ ಬರುತ್ತದೆ. ಸುರುಳಿಗಳ ರೋಧ, ಉಷ್ಣತೆ, ನೀರಿನ ಹರಿವು ಇವನ್ನೆಲ್ಲ ಪ್ರತಿ ಶಾಟಿಗೂ (ಪ್ಲಾಸ್ಮಾ ಹೊತ್ತಿಸಿದ ಪ್ರತಿ ಸಲವೂ) ದಾಖಲಿಸಿ, ತಿಂಗಳ ಹಿಂದಿನ ಅಂಕಿಯೊಡನೆ ಹೋಲಿಸುವ ಶಿಸ್ತಿದ್ದರೆ, ತೆರೆಯುವ ದಿನವನ್ನು ಕ್ಯಾಲೆಂಡರಿಗೆ ಬದಲು ಆ ಅಂಕಿಗಳೇ ಗೊತ್ತುಮಾಡುತ್ತವೆ.

ತೆರೆಯಲೇಬೇಕಾದ ಸಂದರ್ಭವನ್ನು ಪ್ರಯೋಗಗಳ ಕ್ರಮದೊಡನೆ ಹೊಂದಿಸಿಕೊಳ್ಳಬಹುದು. ಇಂಗ್ಲೆಂಡಿನ ಜೆಟ್ ಎಂಬ ಟೋಕಮಾಕ್ 1983ರಿಂದ 40 ವರ್ಷ ನಡೆಯಿತು. 2009ರಿಂದ 2011ರವರೆಗೆ ಅದು ದೀರ್ಘಕಾಲ ನಿಂತದ್ದು ಒಳಗೋಡೆಯನ್ನು ಬೆರಿಲಿಯಂ ಮತ್ತು ಟಂಗ್‌ಸ್ಟನ್ನಿಗೆ ಬದಲಿಸುವ ಸ್ಪಷ್ಟ ಕೆಲಸಕ್ಕಾಗಿ. ಎಲೆಕ್ಟ್ರಾನುಗಳನ್ನು ಬೇಕೆಂದೇ ಒಳಗೋಡೆಗೆ ಹಾಯಿಸಿ ಹಾನಿಯನ್ನು ಅರಿಯುವ ಪ್ರಯೋಗವನ್ನು ಅಲ್ಲಿನವರು ಕೊನೆಗೆಂದು ಕಾದಿಟ್ಟು, 2023ರ ಡಿಸೆಂಬರಿನಲ್ಲಿ, ಯಂತ್ರದ ಕಡೆಯ ದಿನ ನಡೆಸಿದರು.