ಹತ್ತರ ಮಗ್ಗಿಯ ಪೊಲೀಸರು

ಮಂಗಳೂರಿನ ಕದ್ರಿ, ಬಿಜೈ, ಉರ್ವಾಸ್ಟೋರ್ ಕಡೆ ರಾತ್ರಿ ಹತ್ತು ಗಂಟೆ ಕಳೆದರೆ ಪೊಲೀಸ್ ಬಂದೋಬಸ್ತ್ ಬಲು ಬಿಗಿ. ರಸ್ತೆಯಲ್ಲಲ್ಲ ಮಾರಾಯ್ರೇ, ಮಾಳಿಗೆ ಕೋಣೆಗಳಲ್ಲಿ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡ ಹುಡುಗರು ಲಾಸ್ ಸ್ಯಾಂಟೋಸ್ ಎಂಬ, ಭೂಪಟದಲ್ಲಿಲ್ಲದ ಊರನ್ನು ಕಾಯುತ್ತಿರುತ್ತಾರೆ. ಜಿಟಿಎ ಫೈವ್ ಎಂಬ ಕಂಪ್ಯೂಟರ್ ಆಟಕ್ಕೆ, ಹಲವರು ಒಂದೇ ಸರ್ವರಿನಲ್ಲಿ, ಅಂದರೆ ನೆಟ್ಟಿನ ಒಂದೇ ಅಂಗಳದಲ್ಲಿ, ಸೇರಿ ಆಡಲು ಬಿಡುವ ಫೈವ್‌ಎಂ ಎಂಬುದನ್ನು ಜೋಡಿಸಿ, ಒಬ್ಬ ಕಳ್ಳ, ಒಬ್ಬ ಆಂಬುಲೆನ್ಸಿನವ, ಒಬ್ಬ ಪೊಲೀಸ್ ಎಂದು ಪಾತ್ರ ಹಂಚಿಕೊಂಡು ಬೆಳಗಿನ ಜಾವದವರೆಗೆ ಆಟ. ರಾತ್ರಿಯಿಡೀ ವೇಷ ಕಟ್ಟುವುದು ಯಕ್ಷಗಾನದ ಊರಿಗೆ ಹೊಸತೇನಲ್ಲ. ಆದರೆ ಇಲ್ಲಿ ಭಾಗವತರ ಜಾಗದಲ್ಲಿ ಸರ್ವರ್ ನಡೆಸುವ ಅಡ್ಮಿನ್ ಕೂತಿರುತ್ತಾನೆ, ಅರ್ಥಗಾರಿಕೆ ಪೂರ್ತಿ ಅಮೆರಿಕದ ಪೊಲೀಸರ ರೇಡಿಯೋ ಸಂಕೇತದ ಅಂಕಿಗಳಲ್ಲಿ ನಡೆಯುತ್ತದೆ.

10-4 ಎಂದರೆ ಸರಿ, ಕೇಳಿಸಿತು. 10-20 ಎಂದರೆ ಎಲ್ಲಿದ್ದೀ. 10-8, ಡ್ಯೂಟಿಗೆ ಬಂದೆ. 10-7, ಡ್ಯೂಟಿ ಬಿಟ್ಟೆ. ಇಂಥವು ಹಾಳೆಗಟ್ಟಲೆ ಉಂಟು. ಅರ್ಜಿ ಹಾಕಿ, ಲಿಖಿತ ಪರೀಕ್ಷೆ ಬರೆದು, ಮೌಖಿಕದಲ್ಲಿ ತಡವರಿಸದೆ ಉತ್ತರ ಕೊಟ್ಟವನಿಗೆ ಮಾತ್ರ ಖಾಕಿ, ಅಲ್ಲ, ನೀಲಿ. ನಮ್ಮ ನೆರೆಮನೆಯ ಹುಡುಗನಿಗೆ ಡಿಗ್ರಿಯಲ್ಲಿ ಸಬ್ಜೆಕ್ಟ್ ಬಾಕಿ ಉಂಟು, ಸರ್ವರಿನಲ್ಲಿ ಒಂದೂ ಬಾಕಿ ಇಲ್ಲ. “ಇದರ ಅರ್ಧ ಓದಿದ್ರೆ ಬ್ಯಾಂಕಿನ ಪರೀಕ್ಷೆ ಆದ್ರೂ ಆಗ್ತಿತ್ತು” ಎಂದು ಅವನ ಅಮ್ಮನ ಅಳಲು. ಗಂಜಿ ಆರ್ತದೆ ಎಂದು ಕೆಳಗಿನಿಂದ ಕೂಗಿದರೆ ಮೇಲಿನಿಂದ ಬರುವ ಉತ್ತರ: “10-6 ಅಮ್ಮಾ!” ಹಾಗೆಂದರೆ ಬಿಡುವಿಲ್ಲ.

ಈ ಹತ್ತು ಎಲ್ಲಿಂದ ಬಂತು ಎನ್ನುವುದು ಇನ್ನೂ ಸೊಗಸು. ಅಮೆರಿಕದ ಇಲಿನಾಯ್ ರಾಜ್ಯದ ಪೊಲೀಸ್ ಇಲಾಖೆಯಲ್ಲಿ ಚಾರ್ಲ್ಸ್ ಹಾಪರ್ ಎಂಬವರು 1937ರಲ್ಲಿ ಇದನ್ನು ಕಟ್ಟಿದ್ದು. ಆಗಿನ ರೇಡಿಯೋದಲ್ಲಿ ಬಟನ್ ಒತ್ತಿದ ಮೇಲೆ ಒಳಗಿನ ಮೋಟಾರು ವೇಗ ಹಿಡಿಯಲು ಒಂದು ಗಳಿಗೆ ಬೇಕಿತ್ತು. ಅಷ್ಟರಲ್ಲಿ ಆಡಿದ ಮೊದಲ ಶಬ್ದ ಗಾಳಿಪಾಲು. ಹಾಳಾಗುವುದಾದರೆ ಹಾಳಾಗಲಿ ಎಂದು ಮುಂದೆ ಒಂದು ‘ಟೆನ್’ ಇಟ್ಟರು. ಮೋಟಾರು ಏಳುವವರೆಗೆ ಎಸೆಯಲಿಕ್ಕೆಂದೇ ಇಟ್ಟ ಶಬ್ದ ಅದು. ಈಗ ಫೈಬರ್ ನೆಟ್ಟಿನಲ್ಲಿ ಕೂತ ಬಿಜೈಯ ಹುಡುಗ, ಇಲ್ಲದ ಮೋಟಾರು ವೇಗ ಹಿಡಿಯಲೆಂದು ಪ್ರತಿ ಮಾತಿಗೂ ಭಕ್ತಿಯಿಂದ ‘ಟೆನ್’ ಹಚ್ಚುತ್ತಾನೆ.

ಅಮೆರಿಕದವರೋ, ಒಂದೊಂದು ಇಲಾಖೆಯಲ್ಲಿ ಒಂದೊಂದು ಅರ್ಥವಾಗಿ ಗೋಜಲೆದ್ದು ಸಾಕಾಗಿ ಹೋದರು. ನಾಲ್ಕು ಇಲಾಖೆ ಸೇರಿ ಕೆಲಸ ಮಾಡುವ ದುರಂತಗಳಲ್ಲಿ ಸಂಕೇತ ಬಿಟ್ಟು ಸಾದಾ ಮಾತಾಡಿ ಎಂದು 2006ರಲ್ಲಿ ಅಲ್ಲಿನ ಕೇಂದ್ರ ಸರ್ಕಾರವೇ ಹೇಳಿತು. ನಮ್ಮವರು ಬಿಟ್ಟಾರೆಯೇ? ಕೊಲೆಗೆ ಕ್ಯಾಲಿಫೋರ್ನಿಯಾದ ಸೆಕ್ಷನ್ 187 ಎಂದು ನಿದ್ದೆಯಲ್ಲೂ ಹೇಳುತ್ತಾರೆ. ನಮ್ಮ ಐಪಿಸಿ 302 ಹೋಗಿ 2024ರ ಜುಲೈಯಿಂದ ಹೊಸ ನ್ಯಾಯ ಸಂಹಿತೆಯ 103 ಆದದ್ದು ಕೇಳಿದರೆ, ಅದು ಯಾವ ಸರ್ವರ್ ಅಂಕಲ್ ಎನ್ನುತ್ತಾರೆ.

ಆದರೆ ಆ ಸರ್ವರಿನ ಶಿಸ್ತು ನೋಡಬೇಕು! ಬೇಕೆಂದೇ ಗಾಡಿ ಗುದ್ದಿಸಿದರೆ ಬ್ಯಾನ್. ಎದುರಿಗೆ ಬಂದೂಕು ಹಿಡಿದಾಗ ಜೀವಭಯ ತೋರಿಸದಿದ್ದರೆ ಬ್ಯಾನ್. ನಿಜ ಜೀವನದಲ್ಲಿ ಯಾರೂ ಮಾಡದಂಥದ್ದು ಮಾಡಿದರೆ ಅದಕ್ಕೆ ‘ಫೇಲ್ ಆರ್‌ಪಿ’, ಅಂದರೆ ಪಾತ್ರ ಕೆಟ್ಟಿತು, ಎಂದು ಹೆಸರು, ಅದಕ್ಕೂ ಬ್ಯಾನ್. ಈ ಕಾನೂನನ್ನು ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಂದರೆ ಉಡುಪಿ ಬಿಟ್ಟ ಎಕ್ಸ್‌ಪ್ರೆಸ್ ಬಸ್ಸು ಪಡುಬಿದ್ರಿ ದಾಟುವುದರೊಳಗೆ ಬ್ಯಾನ್. ಎದುರಿಗೆ ಟ್ಯಾಂಕರ್ ಬರುವಾಗ ಓವರ್‌ಟೇಕ್ ಮಾಡಿ, ಒಂದು ಕೈಯಲ್ಲಿ ಹಾರ್ನ್ ಒತ್ತಿ ಇನ್ನೊಂದರಲ್ಲಿ ಕ್ಲೀನರನಿಗೆ ಏನೋ ತೋರಿಸುವವನಲ್ಲಿ ಜೀವಭಯ ಎಲ್ಲಿದೆ ಹೇಳಿ. ಯೂ ಟರ್ನ್ ದೂರ ಎಂದು ರಾಂಗ್ ಸೈಡಿನಲ್ಲಿ ಹೆಡ್‌ಲೈಟೂ ಹಾಕದೆ ಬರುವ ಸ್ಕೂಟರಿನವನ ಕಥೆ ಕೇಳಿದರೆ ಅಡ್ಮಿನ್ ನಂಬಲಾರ. ಸರ್ವರಿನಲ್ಲಿ ದಂಡದ ಚೀಟಿ ಬರೆಯುವ ನಮ್ಮ ಆಫೀಸರ್ ಸಾಹೇಬರೂ ಗೋಬಿ ತರಲು ಹೊರಟರೆ ಹೆಲ್ಮೆಟ್ ಮೊಣಕೈಯಲ್ಲಿ. ನಂತೂರು ಹತ್ತಿರವಾದಾಗ ಅದು ತಲೆಗೇರುತ್ತದೆ, ಸರ್ಕಲ್ ದಾಟಿದ ಮೇಲೆ ಇಳಿಯುತ್ತದೆ.

ಹಾಗೆಂದು ನಮ್ಮಲ್ಲಿ ಸಂಕೇತವೇ ಇಲ್ಲ ಎನ್ನಬೇಡಿ. ಎದುರಿನ ಗಾಡಿ ಎರಡು ಸಲ ಹೆಡ್‌ಲೈಟ್ ಮಿಣುಕಿಸಿದರೆ ಮುಂದಿನ ತಿರುವಿನಲ್ಲಿ ಪೊಲೀಸರು ನಿಂತಿದ್ದಾರೆ ಎಂದರ್ಥ. ಪರೀಕ್ಷೆಯಿಲ್ಲ, ತರಬೇತಿಯಿಲ್ಲ, ಜಾತಿ ಮತ ಪಕ್ಷದ ಭೇದವಿಲ್ಲ. ಪೊಲೀಸರಿಗೆ ಬಿಟ್ಟು ಉಳಿದವರಿಗೆಲ್ಲ ಕರಾವಳಿಯಲ್ಲಿ ಸರಿಯಾಗಿ ಮುಟ್ಟುವ ಪೊಲೀಸ್ ಸಂಕೇತ ಇದೊಂದೇ.

ನೆರೆಮನೆಯ ಹುಡುಗನ ಮೂಲಕ ಅವನ ಸರ್ವರಿಗೆ ನಾನೂ ಕೆಲವು ಹೊಸ ಸಂಕೇತ ಬರೆದು ಕಳಿಸಿದೆ. ಮೀನಿನ ಲಾರಿ ರಸ್ತೆಯುದ್ದಕ್ಕೂ ನೀರು ಸುರಿಸಿಕೊಂಡು ಹೋಗಿದೆ, ಬೈಕುಗಳು ಸಾಲಾಗಿ ಜಾರುತ್ತಿವೆ: ಇದಕ್ಕೊಂದು. ಒಂದು ಗಂಟೆ ಮಳೆಗೆ ಕೊಟ್ಟಾರ ಚೌಕಿಯಲ್ಲಿ ಗಾಡಿಗಳು ತೇಲುತ್ತಿವೆ: ಇದಕ್ಕೊಂದು. ಹಂಪನಕಟ್ಟೆಯ ನಡುರಸ್ತೆಯಲ್ಲಿ ಸಿಟಿ ಬಸ್ಸು ನಿಂತಿದೆ, ಆಚೆ ಬದಿಯಲ್ಲಿ ಒಬ್ಬರು ಬರಲೋ ಬೇಡವೋ ಎಂದು ಯೋಚಿಸುತ್ತಿದ್ದಾರೆ, ಕಂಡಕ್ಟರ್ ಕಾಯುತ್ತಿದ್ದಾನೆ: ಇದಕ್ಕೆ ತುರ್ತಿನದೇ ಒಂದು.

ಎಲ್ಲವೂ ವಾಪಸ್ ಬಂದವು. “ಬ್ರೋ, ಸ್ವಲ್ಪ ರಿಯಲಿಸ್ಟಿಕ್ ಆಗಿರಲಿ” ಎಂದು ಅಡ್ಮಿನ್ ಬರೆದಿದ್ದಾನಂತೆ. ಸಿಡಿಲಿಗೆ ಕರೆಂಟ್ ಹೋಗಿ ಇಡೀ ಠಾಣೆಯೇ ಮಾಯವಾಗುವುದನ್ನು ಮಾತ್ರ ಒಪ್ಪಿದ. ಅದಕ್ಕೆ ಹೊಸ ನಂಬರ್ ಬೇಡವಂತೆ, 10-7 ಸಾಕಂತೆ.