ತಲಕಾಡಿನಲ್ಲಿ ಶಾಪದ ಕತೆ ಜೊತೆಗೆ ಯುದ್ಧದ ಕತೆನೂ ಹೇಳೋಣ

ಮೊನ್ನೆ ಭಾನುವಾರ ಮನೆಯವರ ಜೊತೆ ತಲಕಾಡಿಗೆ ಹೋಗಿದ್ದೆ. ಮರಳಲ್ಲಿ ಕಾಲೆಳೆದುಕೊಂಡು ನಡೆಯುವಾಗ ಮುಂದಿದ್ದ ಒಬ್ಬರು ಮಕ್ಕಳಿಗೆ ಅಲಮೇಲಮ್ಮನ ಶಾಪ ಹೇಳುತ್ತಿದ್ದರು. 'ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ...' ನಾವೂ ಅದನ್ನೇ ಕೇಳಿ ಬೆಳೆದವರು. ನನಗೂ ಆ ಕತೆ ಇಷ್ಟ. ಆದರೆ ಅದು 1610ರ ಆಸುಪಾಸಿನ ಮಾತು. ಅದಕ್ಕೂ ಆರುನೂರು ವರ್ಷ ಮೊದಲೇ ಈ ಊರು ದಂಡು ಕಂಡಿತ್ತು. ಅದನ್ನು ಯಾಕೆ ಹೇಳಲ್ಲ?

ಗಂಗರ ರಾಜಧಾನಿ ಇದು. ಸುಮಾರು 1004ರಲ್ಲಿ ಚೋಳರು ಹಿಡಿದು, ರಾಜರಾಜಪುರ ಅಂತ ಹೆಸರನ್ನೇ ಬದಲಾಯಿಸಿದರು. ನೂರು ವರ್ಷದ ಮೇಲೆ ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅದನ್ನು ಚೋಳರ ಕೈಯಿಂದ ಕಿತ್ತುಕೊಂಡ. ದೊರೆಗೆ ಎಷ್ಟು ಹೆಮ್ಮೆ ಅಂದರೆ, ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲೇ 'ಶ್ರೀ ತಲಕಾಡುಗೊಂಡ' ಅಂತ ಅಚ್ಚು ಹಾಕಿಸಿದ. ನಾವು ಕೈಮುಗಿದು ಬರುವ ಕೀರ್ತಿನಾರಾಯಣ ಗುಡಿ ಆ ಗೆಲುವಿನ ನೆನಪಿಗೇ ಕಟ್ಟಿಸಿದ್ದು.

ಇದು ಗೆದ್ದವರ ಗುರುತು. ಸತ್ತವರ ಗುರುತು ಬೇಕು ಅಂದರೆ ಕೆರೆ ಏರಿ ಹತ್ತಬೇಕು. ಕಾದಾಡಿ ಸತ್ತವರ ನೆನಪಿಗೆ ನೆಟ್ಟ ವೀರಗಲ್ಲುಗಳು ಅಲ್ಲಿವೆ. ಕೆಳಗಿನ ಸಾಲಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ಅವನೇ. ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವರೂ ಇದ್ದಾರೆ, ಊರು ಉಳಿಸಲು ಸತ್ತವರೂ ಇದ್ದಾರೆ. ಹಾಗೆ ಸತ್ತವನ ಮನೆಯವರಿಗೆ ಭೂಮಿ ಕೊಟ್ಟರೆ ಅದಕ್ಕೆ 'ನೆತ್ತರುಗೊಡಗೆ' ಅನ್ನುತ್ತಿದ್ದರು. ಈ ಪದ ಮೊದಲ ಸಲ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನೆನಪಿದೆ ಅಲ್ವಾ? ಸುಮಾರು 950ರದು. ತಮಿಳುನಾಡಿನ ತಕ್ಕೋಲದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ ಯುದ್ಧದ ಮಾತು ಅದರಲ್ಲಿದೆ. ಅಲ್ಲಿ ಚೋಳರ ವಿರುದ್ಧ ಕಾದಾಡಿದ ಮಣಲೆರ ಅನ್ನುವ ವೀರನಿಗೆ ರಾಷ್ಟ್ರಕೂಟ ದೊರೆ ಕೃಷ್ಣ 'ಏನು ಬೇಕೋ ಕೇಳು' ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿ. ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನೆಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿ ಭದ್ರವಾಗಿದೆ.

ಉಳಿದವುಗಳ ಗತಿ? ನಮ್ಮ ಮಾವನವರ ಊರಿನ ಪಕ್ಕ ಒಂದು ಬೇಚರಾಕ್ ಗ್ರಾಮ ಇದೆ. ಮನೆ ಒಂದೂ ಇಲ್ಲ, ಮುರುಕು ಮಡಕೆ ಚೂರು, ಒಂದು ಹಾಳು ಗುಡಿ, ಮೂರು ವೀರಗಲ್ಲು. ಹೋದ ವರ್ಷ ರಸ್ತೆ ಕೆಲಸದವರು ಜೆಸಿಬಿಯಲ್ಲಿ ಒಂದನ್ನು ಚರಂಡಿಗೆ ತಳ್ಳಿದರು. ಇನ್ನೊಂದರ ಮೇಲೆ ಬಟ್ಟೆ ಒಗೆಯುತ್ತಾರೆ. ಬಿಲ್ಲು ಹಿಡಿದ ಕೈ ಸವೆದೇ ಹೋಗಿದೆ. ಒಗೆಯುವವರ ಮೇಲೆ ನನಗೆ ಕೋಪ ಇಲ್ಲ. ಅದೇನು ಅಂತ ಅವರಿಗೆ ಹೇಳಿದವರು ಯಾರು?

ಕಲ್ಲನ್ನು ಎಲ್ಲಿಗೂ ಸಾಗಿಸೋದು ಬೇಡ. ಎಲ್ಲಿ ನಿಂತಿದೆ ಅನ್ನೋದೇ ಅರ್ಧ ಸಾಕ್ಷಿ. ಸುಣ್ಣ, ಪೇಂಟು ಬಳಿಯೋದೂ ಬೇಡ, ಅಕ್ಷರ ಮುಚ್ಚಿಹೋಗುತ್ತೆ. ಅಲ್ಲೇ ನೆಟ್ಟಗೆ ನಿಲ್ಲಿಸಿ, ಒಂದು ಫಲಕ ಹಾಕಿದರೆ ಸಾಕು.

ಚರಂಡಿಯಲ್ಲಿರೋ ಕಲ್ಲನ್ನು ಎತ್ತಲು ಮುಂದಿನ ಭಾನುವಾರ ಊರವರು ಸೇರುತ್ತಿದ್ದೇವೆ. ಪಂಚಾಯ್ತಿಗೂ ಅರ್ಜಿ ಕೊಟ್ಟಾಗಿದೆ. ಹತ್ತಿರದವರು ಬನ್ನಿ. ನಿಮ್ಮೂರ ಕೆರೆ ಏರಿ ಮೇಲೂ ಒಂದು ಕಲ್ಲಿದ್ದರೆ ಫೋಟೊ ಇಲ್ಲೇ ಹಾಕಿ.