ಊಟದ ಮೇಜಿನ ಮಹಾರಾಣಿಯರು

ಅಮೆರಿಕದ ಹೈಸ್ಕೂಲ್ ಸಿನಿಮಾಗಳಲ್ಲಿ ಪಾಠ ನಡೆಯುವುದು ಅಪರೂಪ. ನಡೆಯುವುದೆಲ್ಲ ಊಟದ ಹಾಲ್‌ನಲ್ಲಿ. ಕೈಯಲ್ಲೊಂದು ಟ್ರೇ ಹಿಡಿದು ಹೊಸ ಹುಡುಗಿ ಬಾಗಿಲಲ್ಲಿ ನಿಂತಿರುತ್ತಾಳೆ. ಎದುರಿಗೆ ಮೇಜುಗಳು, ಒಂದೊಂದು ಮೇಜೂ ಒಂದೊಂದು ಸಂಸ್ಥಾನ. ಫುಟ್‌ಬಾಲ್ ಆಡುವವರದೊಂದು, ಗಣಿತದ ಬುದ್ಧಿವಂತರದೊಂದು, ಬ್ಯಾಂಡ್ ಬಾರಿಸುವವರದೊಂದು. ನಟ್ಟನಡುವೆ ಮೂರ್ನಾಲ್ಕು ಹುಡುಗಿಯರು ತಾವು ಹೆಚ್ಚೇನೂ ತಿನ್ನದೆ, ತಿನ್ನುವವರ ಬಟ್ಟೆಬರೆ ನೋಡುತ್ತ ಕೂತಿರುತ್ತಾರೆ. ಅಲ್ಲಿ ಜಾಗ ಸಿಕ್ಕರೆ ಜನ್ಮ ಸಾರ್ಥಕ. ಎಲ್ಲೂ ಸಿಗದಿದ್ದರೆ ಟಾಯ್ಲೆಟ್ಟಿನೊಳಗೆ ಬಾಗಿಲು ಹಾಕಿಕೊಂಡು ತಿನ್ನಬೇಕು. ಇದು ಉತ್ಪ್ರೇಕ್ಷೆಯಲ್ಲ, 2004ರ 'ಮೀನ್ ಗರ್ಲ್ಸ್' ನಾಯಕಿ ಶಾಲೆಯ ಮೊದಲ ದಿನ ಮಾಡುವುದು ಅದನ್ನೇ. ಆಮೇಲೆ ಗೆಳತಿಯೊಬ್ಬಳು ಕನಿಕರದಿಂದ ನಕ್ಷೆ ಬರೆದುಕೊಡುತ್ತಾಳೆ. ಯಾವ ಮೇಜಿನಲ್ಲಿ ಯಾರು ಕೂರುತ್ತಾರೆಂಬ ನಕ್ಷೆ.

ಪಂಕ್ತಿಭೇದ ಕಂಡ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ನಮ್ಮಲ್ಲಿ ಹುಟ್ಟಿದ ಗಳಿಗೆಯಲ್ಲೇ ಎಲೆ ಎಲ್ಲಿ ಬೀಳುತ್ತದೆಂದು ತೀರ್ಮಾನವಾಗಿರುತ್ತಿತ್ತು. ಅಲ್ಲಿ ಸೋಮವಾರ ಇದ್ದ ಜಾಗ ಮಂಗಳವಾರ ಇರುವುದಿಲ್ಲ. ಯಾವುದು ಹೆಚ್ಚು ಕ್ರೂರ ಎಂದು ನನ್ನನ್ನು ಕೇಳಬೇಡಿ.

ಈ ಬಗೆಯ ಸಿನಿಮಾಗಳಲ್ಲೆಲ್ಲ ಕಪ್ಪು ಹಾಸ್ಯದ ತುತ್ತತುದಿ 'ಹೆದರ್ಸ್'. ಅಮೆರಿಕದಲ್ಲಿ ತೆರೆಕಂಡದ್ದು 1989ರಲ್ಲಿ. ಒಹಾಯೊದ ಒಂದು ಶಾಲೆ, ಅದನ್ನು ಆಳುವ ಮೂವರು ಹುಡುಗಿಯರು, ಮೂವರ ಹೆಸರೂ ಹೆದರ್. ಜೊತೆಗೆ ವೆರೋನಿಕಾ ಎಂಬ ನಾಲ್ಕನೆಯವಳು, ಯಾರ ಕೈಬರಹವನ್ನಾದರೂ ತದ್ವತ್ತಾಗಿ ಬರೆಯಬಲ್ಲ ಜಾಣೆ. ವಿನೋನಾ ರೈಡರ್ ಮಾಡಿದ ಪಾತ್ರ. ಅವಳಿಗೆ ಈ ರಾಣಿವಾಸ ಸಾಕಾಗಿದೆ. ಅಷ್ಟರಲ್ಲಿ ಕಪ್ಪು ಕೋಟಿನ ಹೊಸ ಹುಡುಗನೊಬ್ಬ ಬರುತ್ತಾನೆ, ಮೊದಲನೇ ಹೆದರ್ ಸಾಯುತ್ತಾಳೆ. ಕೊಲೆ. ಅದು ಆತ್ಮಹತ್ಯೆಯಂತೆ ಕಾಣಲೆಂದು ವೆರೋನಿಕಾ ಸತ್ತವಳ ಅಕ್ಷರದಲ್ಲೇ ಒಂದು ಪತ್ರ ಬರೆಯುತ್ತಾಳೆ.

ನನಗೆ ಈ ಸಿನಿಮಾದಲ್ಲಿ ಕೊಲೆಗಿಂತ ಆ ಪತ್ರದ ಮೇಲೇ ಮೋಹ. ಬದುಕಿದ್ದಾಗ ಶಾಲೆಯನ್ನೇ ಗೋಳು ಹೊಯ್ದುಕೊಂಡವಳು ಪತ್ರ ಹೊರಬಿದ್ದ ಕೂಡಲೇ ಸೂಕ್ಷ್ಮಮನಸ್ಸಿನವಳೂ ನೊಂದ ಜೀವವೂ ಆಗಿಬಿಡುತ್ತಾಳೆ. ಅದರಲ್ಲಿರುವ ಒಂದು ಕಠಿಣ ಶಬ್ದ ನೋಡಿ ಮೇಷ್ಟ್ರುಗಳೇ ಮೆಚ್ಚುತ್ತಾರೆ. ಅದೇ ಶಬ್ದವನ್ನು ಆಕೆ ಪರೀಕ್ಷೆಯಲ್ಲಿ ತಪ್ಪು ಮಾಡಿದ್ದಳು ಎಂಬುದು ಯಾರಿಗೂ ಸಂಶಯ ಹುಟ್ಟಿಸುವುದಿಲ್ಲ. ಮುಂದೆ ಇನ್ನಿಬ್ಬರು ಫುಟ್‌ಬಾಲ್ ಹುಡುಗರ ಕಥೆಯೂ ಹೀಗೆಯೇ: ಹೆಣದ ಪಕ್ಕ ಇಟ್ಟ ಒಂದು ಮಿನರಲ್ ವಾಟರ್ ಬಾಟಲಿಯಿಂದ (ಬಿಯರ್ ಬಿಟ್ಟು ಅದನ್ನು ಕುಡಿಯುವವನು ಆ ಊರಿನ ಲೆಕ್ಕದಲ್ಲಿ ಗಂಡಸೇ ಅಲ್ಲ) ಅವರು ಸಲಿಂಗಿ ಪ್ರೇಮಿಗಳಾಗಿ ಹೋಗುತ್ತಾರೆ, ಶವಪೆಟ್ಟಿಗೆಯ ಮುಂದೆ ಅವರಲ್ಲೊಬ್ಬನ ಅಪ್ಪ ಮಗನನ್ನು ಎದೆ ಬಿರಿಯುವಂತೆ ಪ್ರೀತಿಸುತ್ತಾನೆ. ಮಗ ಉಸಿರಾಡುತ್ತಿದ್ದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದನೋ ಇಲ್ಲವೋ ಎಂಬ ಪ್ರಶ್ನೆಯನ್ನು ಕೊಲೆಗಾರನೇ ಎತ್ತುತ್ತಾನೆ. ಶ್ರದ್ಧಾಂಜಲಿ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಂಡು ನಕ್ಕ ಅನುಭವ ಇರುವವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ.

ನಗು ಗಂಟಲಲ್ಲೇ ನಿಲ್ಲುವುದು ಮಾರ್ಥಾಳ ವಿಷಯಕ್ಕೆ ಬಂದಾಗ. ದಪ್ಪಗಿದ್ದಾಳೆಂದು ಎಲ್ಲರೂ ಆಡಿಕೊಳ್ಳುವ ಹುಡುಗಿ. ಅವಳು ನಿಜವಾಗಿಯೂ ಸಾಯಲು ಹೊರಡುತ್ತಾಳೆ, ಬದುಕಿ ಉಳಿಯುತ್ತಾಳೆ. ಆಗ ಎರಡನೇ ಹೆದರ್ ಕೊಡುವ ತೀರ್ಪು: ದೊಡ್ಡ ಮಂದಿಯನ್ನು ನಕಲು ಮಾಡಲು ಹೋಗಿ ಅದರಲ್ಲೂ ಫೇಲಾದಳು. ಸಾವಿನಲ್ಲೂ ಮೇಜು ಬೇರೆ ಬೇರೆ! ಬರೆದ ಡೇನಿಯಲ್ ವಾಟರ್ಸ್‌ಗೆ ಅದು ಮೊದಲ ಚಿತ್ರಕಥೆ.

ಆ ಎರಡನೇ ಹೆದರ್ ಮೊದಲಿಗೆ ಪುಸ್ತಕ ಓದುತ್ತ, ಬೈಸಿಕೊಳ್ಳುತ್ತ, ಅಳುಕುತ್ತ ಇದ್ದವಳು. ರಾಣಿ ಸತ್ತು ಗಾದಿ ಖಾಲಿಯಾದದ್ದೇ ತಡ, ಅವಳ ಬಟ್ಟೆ ಕೆಂಪಗಾಗುತ್ತದೆ, ಸತ್ತವಳು ಕೂದಲಿಗೆ ಹಾಕುತ್ತಿದ್ದಂಥ ಕೆಂಪು ಬಟ್ಟೆಯ ರಬ್ಬರ್ ಬ್ಯಾಂಡ್ ತಲೆಗೇರುತ್ತದೆ, ನಾಲಿಗೆಗೆ ಅದೇ ವಿಷ ಬರುತ್ತದೆ. ಕೆಟ್ಟವಳು ಹುಡುಗಿಯಲ್ಲ, ಕುರ್ಚಿ ಎಂದು ಈ ಸಿನಿಮಾ ಹೇಳುತ್ತದೆಂದು ನಾನು ತಿಳಿದಿದ್ದೇನೆ. ಕೊನೆಯಲ್ಲಿ ವೆರೋನಿಕಾ ಆ ಬ್ಯಾಂಡನ್ನು ಕಿತ್ತುಕೊಂಡು, ಮಾರ್ಥಾಳನ್ನು ಸಿನಿಮಾ ನೋಡೋಣ ಬಾ ಎಂದು ಕರೆಯುತ್ತಾಳೆ. ನೋಡಿದವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಬ್ಯಾಂಡನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ, ಗಮನಿಸಿ. ವಾಟರ್ಸ್ ಮೊದಲು ಬರೆದ ಅಂತ್ಯದಲ್ಲಿ ಶಾಲೆಯೇ ಸ್ಫೋಟವಾಗಿ, ಎಲ್ಲ ಗುಂಪಿನವರೂ ಸ್ವರ್ಗದಲ್ಲಿ ಒಟ್ಟಿಗೆ ಕುಣಿಯುತ್ತಿದ್ದರು. ನಿರ್ಮಾಪಕರು ಒಪ್ಪಲಿಲ್ಲ. ಒಪ್ಪದಿದ್ದರೂ ಸಿನಿಮಾ ಥಿಯೇಟರಿನಲ್ಲಿ ಸೋತಿತು. ಜನ ಅದನ್ನು ಹುಡುಕಿ ನೋಡಿದ್ದು ಆಮೇಲೆ, ವಿಡಿಯೊ ಕ್ಯಾಸೆಟ್ಟಿನಲ್ಲಿ.

ಈ ಸಿನಿಮಾಗಳಲ್ಲಿ ದೊಡ್ಡವರದ್ದೇ ಇನ್ನೊಂದು ಪ್ರಹಸನ. 'ಹೆದರ್ಸ್'ನ ಟೀಚರ್ ಟಿವಿ ಕ್ಯಾಮೆರಾ ಕರೆಸಿ ಮಕ್ಕಳೆಲ್ಲ ಕೈಕೈ ಹಿಡಿದು ದುಃಖಿಸುವಂತೆ ಮಾಡುತ್ತಾಳೆ. 1999ರ 'ಎಲೆಕ್ಷನ್'ನ ಮೇಷ್ಟ್ರು ಇನ್ನೂ ಒಂದು ಕೈ ಮೇಲೆ. ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ತನಗಾಗದ ಹುಡುಗಿ ಒಂದೇ ಮತದಿಂದ ಗೆದ್ದಳೆಂದು ಗೊತ್ತಾದಾಗ ಎರಡು ಮತಪತ್ರ ಮುದುರಿ ಬುಟ್ಟಿಗೆ ಎಸೆಯುತ್ತಾನೆ. ಹಿಡಿದುಕೊಡುವವನು ಕಸ ಗುಡಿಸುವವನು. ಹಿಂದೊಮ್ಮೆ ಈ ಮೇಷ್ಟ್ರು ಹಳಸಿದ ಊಟವನ್ನು ಬುಟ್ಟಿಗೆ ಎಸೆಯಲು ಹೋಗಿ ನೆಲಕ್ಕೆ ಚೆಲ್ಲಿದ್ದ, ಅವನು ನೋಡಿಟ್ಟುಕೊಂಡಿದ್ದ. ಪ್ರಜಾಪ್ರಭುತ್ವ ಉಳಿದದ್ದು ಹೀಗೆ!

'ಮೀನ್ ಗರ್ಲ್ಸ್' ನಿರ್ದೇಶಿಸಿದ್ದು ಮಾರ್ಕ್ ವಾಟರ್ಸ್, ಡೇನಿಯಲ್‌ನ ಸ್ವಂತ ತಮ್ಮ. ಅಣ್ಣ ಕೊಂದ ಕಡೆ ತಮ್ಮ ಬರೀ ಗಾಯಗೊಳಿಸುತ್ತಾನೆ. ಟೀನಾ ಫೇ ಬರೆದ ಕಥೆಯಲ್ಲಿ ರಾಣಿಯ ಹೆಸರು ರೆಜಿನಾ, ಅವಳ ಮೇಜಿಗೆ ಸಂವಿಧಾನವೇ ಇದೆ: ಬುಧವಾರ ಗುಲಾಬಿ ಬಣ್ಣ, ಕುದುರೆಬಾಲದ ಜುಟ್ಟು ವಾರಕ್ಕೊಂದೇ ಸಲ. ಅವಳಿಗೆ ಅವಮಾನವಾಗಲಿ ಎಂದು ಯಾರೋ ಅವಳ ಅಂಗಿಯ ಎದೆಯ ಮೇಲೆ ಎರಡು ತೂತು ಕತ್ತರಿಸಿಟ್ಟರೆ, ಆಕೆ ಅದನ್ನೇ ಹಾಕಿಕೊಂಡು ಓಡಾಡುತ್ತಾಳೆ. ಆಮೇಲೆ ನೋಡಿದರೆ ಬೇರೆ ಹುಡುಗಿಯರ ಅಂಗಿಗೂ ತೂತು. ಅದೇ ರೆಜಿನಾ ಮೈ ದಪ್ಪವಾಗಿ, ಬೇರೇನೂ ಹಿಡಿಸದೆ ಟ್ರ್ಯಾಕ್ ಪ್ಯಾಂಟ್ ತೊಟ್ಟು ಬಂದ ದಿನ ಅವಳದೇ ಕಾನೂನು ಹೇಳಿ ಅವಳನ್ನು ಮೇಜಿನಿಂದ ಎಬ್ಬಿಸುತ್ತಾರೆ. ಕಾನೂನು ಮಾಡಿದವರು ಕಾನೂನಿಗೆ ಸಿಕ್ಕಿಬಿದ್ದದ್ದು ಕಂಡು ನನಗೆ ಆದ ಸಂತೋಷವನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ.

ಕೊನೆಗೆ ನಾಯಕಿ ತನಗೆ ಬಂದ ಪ್ಲಾಸ್ಟಿಕ್ ಕಿರೀಟವನ್ನು ಮುರಿದು ಚೂರುಗಳನ್ನು ಎಲ್ಲರಿಗೂ ಹಂಚುತ್ತಾಳೆ, ಗುಂಪುಗಳು ಕರಗುತ್ತವೆ, ಹುಲ್ಲಿನ ಮೇಲೆ ಎಲ್ಲರೂ ಒಟ್ಟಿಗೆ. ಇಷ್ಟು ಸಲೀಸಾಗಿ ಮುಗಿಯುವುದುಂಟೇ ಎಂದು ಮುಖ ಸೊಟ್ಟ ಮಾಡುವಷ್ಟರಲ್ಲಿ ಮೂವರು ಹೊಸ ಚಿಕ್ಕ ಹುಡುಗಿಯರು ಅದೇ ಠೀವಿಯಲ್ಲಿ ನಡೆದುಬರುತ್ತಾರೆ. ಬಸ್ಸೊಂದು ನುಗ್ಗಿ ಮೂವರನ್ನೂ ಹೊಡೆದುಹಾಕುತ್ತದೆ. ತಮಾಷೆಗೆ ಹೇಳಿದೆ, ಎನ್ನುತ್ತಾಳೆ ನಾಯಕಿ. ಅಣ್ಣನ ಕೈಗೆ ಸಿಕ್ಕಿದ್ದರೆ ಆ ಮಾತು ಇರುತ್ತಿರಲಿಲ್ಲ.